ಒಡ್ತಿ ಬಾವಿ: ಕಡಲ ಬದಿಯ ಮನೆ, ಒಂದು ಡಿಕ್ಲರೇಶನ್ ಮತ್ತು ಹದಿನೆಂಟು ಮನಿ ಆರ್ಡರ್



ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆಯೂ ಇಲ್ಲ. ಇವತ್ತಿನದು ಒಂದು ಬಾವಿಯ ಕಥೆ. ನಮ್ಮ ಮನೆ ಬಾವಿ. ಆದ್ರೆ ಅದರ ಜೊತೆಗೆ ಕರ್ನಾಟಕದ ಇತಿಹಾಸದ ಒಂದು ದೊಡ್ಡ ಅಧ್ಯಾಯವೂ ಬರುತ್ತೆ. ಆ ಅಧ್ಯಾಯ ನಿಮ್ಮ ಮನೆಯಲ್ಲೂ ನಡೆದಿರಬಹುದು. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ಅಷ್ಟೆ.

ನಾನು ಇರೋದು ಎಲೆಕ್ಟ್ರಾನಿಕ್ ಸಿಟಿ ಪಕ್ಕದ ದೊಡ್ಡತೋಗೂರಲ್ಲಿ. ಏಳನೇ ಕ್ಲಾಸಿನವರೆಗೆ ಬೆಳೆದದ್ದು ಮಾತ್ರ ಕುಂದಾಪುರದ ಹತ್ತಿರ, ಕಡಲ ಬದಿಯ ಅಜ್ಜನ ಮನೆಯಲ್ಲಿ. ಹೆಂಚಿನ ಮನೆ, ಎದುರಿಗೆ ಗದ್ದೆ, ಗದ್ದೆ ದಾಟಿದರೆ ತೆಂಗಿನ ತೋಟ, ಅದರಾಚೆ ಕಡಲು. ಮಳೆಗಾಲದ ರಾತ್ರಿ ಕಡಲು ಹೊಡೆಯುವ ಸದ್ದು ಮಲಗಿದ ಚಾಪೆಯವರೆಗೂ ಕೇಳ್ತಿತ್ತು. ತೋಟದ ಮೂಲೆಯಲ್ಲಿ ಕೆಂಪು ಕಲ್ಲು ಕಟ್ಟಿದ ಒಂದು ಬಾವಿ. ಕಡಲು ಅಷ್ಟು ಹತ್ತಿರ ಇದ್ದರೂ ಅದರ ನೀರು ಉಪ್ಪಾಗಿರಲಿಲ್ಲ. ಎಲ್ಲರೂ ಅದನ್ನು 'ಒಡ್ತಿ ಬಾವಿ' ಅಂತಿದ್ದರು. ನಾನು ಅದು ಬಾವಿಯ ಹೆಸರು ಅಂತಲೇ ತಿಳಿದಿದ್ದೆ. ಒಡ್ತಿ ಅಂದರೆ ಒಡತಿ, ಯಜಮಾನಿ ಅಂತ ಅರ್ಥ. ಯಾರ ಒಡತಿ ಅಂತ ಒಂದು ದಿನವೂ ಕೇಳಲಿಲ್ಲ.

ಒಂಬತ್ತು ವರ್ಷ ಆ ಕಡೆ ಹೋಗಿರಲಿಲ್ಲ. ಮೊನ್ನೆ ಹೋಗಬೇಕಾಗಿ ಬಂತು. ಬೆಂಗಳೂರಿನ ಒಂದು ಪಾರ್ಟಿ ಜಾಗ ನೋಡಿ ಹೋಗಿದೆ, ಕಡಲ ಬದಿಯಲ್ಲಿ ಹೋಮ್‌ಸ್ಟೇ ಮಾಡ್ತಾರಂತೆ. ಮಾವನಿಗೆ ಮಾರುವ ಮನಸ್ಸು. ಅಜ್ಜ ತೀರಿಹೋಗಿ ಇಪ್ಪತ್ತು ವರ್ಷದ ಮೇಲಾಯಿತು, ಅಮ್ಮನ ಸಹಿಯೂ ಬೇಕು. "ನಿಂಗೆ ಕಂಪ್ಯೂಟರ್ ಗೊತ್ತಿತ್ತಲ್ಲ, ರೆಕಾರ್ಡ್ ಎಲ್ಲ ಒಟ್ಟು ಮಾಡಿ ಕೊಡು" ಅಂದರು ಮಾವ. ಹಾಗಾಗಿ ಒಂದು ಶನಿವಾರ ಅಟ್ಟ ಹತ್ತಿದೆ. ತಗಡಿನ ಟ್ರಂಕ್ ತೆಗೆದೆ.

ನಮ್ಮ ಮನೆಯಲ್ಲಿ ಹೇಳುವ ಕಥೆ ಹೀಗಿತ್ತು: ಇದು ಹಿರಿಯರ ಆಸ್ತಿ, ಅಜ್ಜ ಕೋರ್ಟಲ್ಲಿ ಹೋರಾಡಿ ಉಳಿಸಿಕೊಂಡದ್ದು. ಟ್ರಂಕಿನಲ್ಲಿ ಇದ್ದದ್ದು ಬೇರೆಯೇ. ಕೆಂಪು ದಾರ ಕಟ್ಟಿದ ಒಂದು ಕಟ್ಟು. ಅದರಲ್ಲಿ 'ಫಾರಂ ನಂಬರ್ 7' ಅಂತ ಒಂದು ಅರ್ಜಿಯ ನಕಲು. 1977ರಲ್ಲಿ ಭೂ ನ್ಯಾಯ ಮಂಡಳಿ ಕೊಟ್ಟ ಆದೇಶ. ಅಜ್ಜನ ಕೈಬರಹದ ಒಂದು ನೋಟ್‌ಬುಕ್. ಕೊನೆಯಲ್ಲಿ, ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡಿದ್ದ ಹದಿನೆಂಟು ಮನಿ ಆರ್ಡರ್ ಚೀಟಿ. ಎಲ್ಲವೂ ಒಬ್ಬ ಹೆಂಗಸಿನ ಹೆಸರಿಗೆ. ವಿಳಾಸ: ದಾಸರಹಳ್ಳಿ, ಪೀಣ್ಯ, ಬೆಂಗಳೂರು.

ನಿಜ ಹೇಳ್ತೇನೆ, ಮೊದಲು ಬಂದ ಯೋಚನೆ ನಿಮಗೀಗ ಬಂದದ್ದೇ. ಅಜ್ಜನಿಗೆ ಇನ್ನೊಂದು ಸಂಸಾರ ಇತ್ತಾ? ಕಟ್ಟು ಹಿಡ್ಕೊಂಡು ಕೆಳಗೆ ಬಂದೆ. ಅಮ್ಮಮ್ಮ, ಅಂದ್ರೆ ಅಮ್ಮನ ಅಮ್ಮ, ಚಾವಡಿಯಲ್ಲಿ ಕೂತಿದ್ದರು. ಚೀಟಿ ನೋಡಿದರು. ಓದಲಿಕ್ಕೆ ಕಣ್ಣು ಕಾಣೋದಿಲ್ಲ, ಆದ್ರೆ ಏನು ಅಂತ ಗೊತ್ತಾಯಿತು.

"ಅದೆಲ್ಲ ಈಗ ಎಂತಕ್ ಮಗಾ? ಅದ್ ಒಡ್ತಿಗೆ ಕಳ್ಸದ್" ಅಂದರು.

ಅಲ್ಲಿಂದ ಶುರುವಾಯಿತು. ಅಮ್ಮಮ್ಮ ಹೇಳಿದ್ದು ಅರ್ಥ ಆಗಬೇಕಾದರೆ ಮೊದಲು ಸ್ವಲ್ಪ ಇತಿಹಾಸ ಗೊತ್ತಿರಬೇಕು.

ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಅಲ್ಲಿ ಭೂಮಿ ಒಬ್ಬರ ಹೆಸರಿನಲ್ಲಿ, ಉಳುಮೆ ಇನ್ನೊಬ್ಬರದ್ದು. ಕರಾವಳಿಯಲ್ಲಿ ಇದು ತೀರಾ ಸಾಮಾನ್ಯ. ಉಳುವವರು ಕೊಡುವ ಬಾಡಿಗೆಗೆ ಗೇಣಿ ಅನ್ನೋರು. ಅದರಲ್ಲೂ ತರಾವರಿ. ಮೂಲಗೇಣಿ ಅಂದರೆ ಶಾಶ್ವತ, ಮಗನಿಗೆ ಮೊಮ್ಮಗನಿಗೆ ದಾಟುವಂಥದ್ದು. ವಾಯಿದೆಗೇಣಿ ಅಂದರೆ ಇಂತಿಷ್ಟು ವರ್ಷಕ್ಕೆ. ಚಾಲಗೇಣಿ ಅಂದರೆ ಒಡೆಯರ ಮರ್ಜಿ ಇರುವವರೆಗೆ ಮಾತ್ರ. ನಮ್ಮಜ್ಜ ಚಾಲಗೇಣಿ ಒಕ್ಕಲು. ನಾನು ಹುಟ್ಟಿ ಬೆಳೆದ ಮನೆ ಒಕ್ಕಲಿನ ಮನೆ. ಹಿರಿಯರ ಆಸ್ತಿ ಅಲ್ಲ.

ಎರಡೂಕಾಲು ಎಕರೆ ಚಿಲ್ಲರೆ ಜಾಗಕ್ಕೆ ವರ್ಷಕ್ಕೆ 14 ಮುಡಿ ಅಕ್ಕಿ. ಮುಡಿ ಗೊತ್ತಲ್ಲ? ಬೈಹುಲ್ಲು ಹೊಸೆದು, ಬಿಗಿಯಾಗಿ ಸುತ್ತಿ, ಒಳಗೆ ಅಕ್ಕಿ ತುಂಬಿದ ದುಂಡನೆಯ ಕಟ್ಟು. ನೀವು ಈಗ ಮ್ಯೂಸಿಯಂನಲ್ಲೋ ರೆಸಾರ್ಟ್ ಅಲಂಕಾರದಲ್ಲೋ ನೋಡಿರ್ತೀರಿ. ಕಾರ್ತಿ ಬೆಳೆ ಕೊಯ್ದು, ಮುಡಿ ಕಟ್ಟಿ, ತಲೆ ಮೇಲೆ ಹೊತ್ತು ಒಡ್ತಿಯ ಮನೆಗೆ ಮುಟ್ಟಿಸಬೇಕು. ಮಳೆ ಕೈಕೊಟ್ಟರೂ ಗೇಣಿ ಗೇಣಿಯೇ. "ಮುಡಿ ಹೊರಗ್ ಹ್ವಾಪತಿಗೆ ಮಕ್ಕಳು ಅಂಗಳದಗ್ ನಿಂತ್ ಕಾಂತಿದ್ರ್" ಅಂದರು ಅಮ್ಮಮ್ಮ. ಆ ಮಕ್ಕಳಲ್ಲಿ ನನ್ನ ಅಮ್ಮನೂ ಒಬ್ಬಳು.

ಉಳುವವನಿಗೇ ಭೂಮಿ ಸಿಗಬೇಕು ಅನ್ನುವ ಕೂಗು ಹೊಸದಲ್ಲ. ಘಟ್ಟದ ಮೇಲೆ ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕರಾವಳಿಯಲ್ಲಿ ಬಿ.ವಿ. ಕಕ್ಕಿಲ್ಲಾಯರಂಥ ಕಮ್ಯುನಿಸ್ಟ್ ನಾಯಕರು ಒಕ್ಕಲುಗಳನ್ನು ಸಂಘಟಿಸಿದರು. 1961ರಲ್ಲಿ ಭೂ ಸುಧಾರಣಾ ಕಾಯ್ದೆ ಬಂತು, ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಅದರಲ್ಲಿ ಸಂದುಗಳು ಬಹಳ. ಕಾನೂನಿಗೆ ನಿಜವಾದ ಹಲ್ಲು ಬಂದದ್ದು ದೇವರಾಜ ಅರಸು ಮುಖ್ಯಮಂತ್ರಿಯಾದ ಮೇಲೆ.

1974ರ ಮಾರ್ಚ್ 1. ಈ ದಿನಾಂಕ ನೆನಪಿಟ್ಟುಕೊಳ್ಳಿ. ತಿದ್ದುಪಡಿ ಕಾಯ್ದೆ ಅವತ್ತಿನಿಂದ ಜಾರಿ. ಗೇಣಿಗೆ ಕೊಟ್ಟ ಜಮೀನೆಲ್ಲ ಆ ದಿನ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ 7ರಲ್ಲಿ ಅರ್ಜಿ ಹಾಕಬೇಕು. ನಮ್ಮ ಕಡೆ ಇದಕ್ಕೆ 'ಡಿಕ್ಲರೇಶನ್ ಕೊಡೋದು' ಅಂತಾರೆ. ಇವತ್ತಿಗೂ ಊರಲ್ಲಿ ಕೇಳಿ ನೋಡಿ. "ಅದು ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗ" ಅಂತ ಒಬ್ಬರು ತಗ್ಗಿದ ದನಿಯಲ್ಲಿ ಹೇಳ್ತಾರೆ. "ನಮ್ಮದು ಮಸೂದೆಯಲ್ಲಿ ಹೋಯಿತು" ಅಂತ ಇನ್ನೊಬ್ಬರು ನಿಟ್ಟುಸಿರು ಬಿಡ್ತಾರೆ. ಎರಡೂ ಒಂದೇ ಗದ್ದೆಯ ಮಾತು.

ಅರ್ಜಿ ವಿಚಾರಣೆಗೆ ತಾಲೂಕುಗಳಲ್ಲಿ ಭೂ ನ್ಯಾಯ ಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ವಕೀಲರು ಬರುವಂತಿಲ್ಲ ಅಂತ ಕಾಯ್ದೆಯಲ್ಲೇ ಇತ್ತು. ಮುಂದೆ ಸುಪ್ರೀಂ ಕೋರ್ಟ್ ಆ ನಿಯಮವನ್ನು ತೆಗೆದುಹಾಕಿತು, ಆದ್ರೆ ಅದು 1987ರಲ್ಲಿ. 1970ರ ದಶಕದಲ್ಲಿ ಒಕ್ಕಲು ಒಂದು ಕಡೆ, ಒಡೆಯರು ಇನ್ನೊಂದು ಕಡೆ, ನಡುವೆ ಮೇಜು. ಅರ್ಜಿ ಹಾಕಲು ಕೊನೆಯ ದಿನ ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ರಾಜ್ಯದಲ್ಲಿ ಬಂದ ಅರ್ಜಿಗಳು 8 ಲಕ್ಷದ ಆಸುಪಾಸು.

ಇಲ್ಲಿ ಒಂದು ಸಮಸ್ಯೆ ಇತ್ತು. ಚಾಲಗೇಣಿ ಬಹುಪಾಲು ಬಾಯಿಮಾತಿನದ್ದು. ಚೀಟಿ ಇಲ್ಲ, ರಶೀದಿ ಇಲ್ಲ. ಹಾಗಾಗಿ ಎಷ್ಟೋ ಒಡೆಯರು ಮಂಡಳಿಯ ಎದುರು ಒಂದೇ ಮಾತು ಹೇಳಿದರು: ಇವನು ನಮ್ಮ ಒಕ್ಕಲೇ ಅಲ್ಲ, ಕೂಲಿಯಾಳು. ಕೂಲಿಯಾಳಿಗೆ ಜಮೀನು ಸಿಗುವುದಿಲ್ಲ.

ನಮ್ಮಜ್ಜನ ಹತ್ತಿರವೂ ರಶೀದಿ ಇರಲಿಲ್ಲ. ಇದ್ದದ್ದು ಆ ನೋಟ್‌ಬುಕ್ ಮಾತ್ರ. ಇಂಥ ವರ್ಷ ಇಷ್ಟು ಮುಡಿ ಮುಟ್ಟಿಸಿದೆ ಅಂತ ತಾನೇ ಬರೆದದ್ದು. ತಾನೇ ಬರೆದ ಲೆಕ್ಕವನ್ನು ಯಾರು ನಂಬಬೇಕು?

ಇನ್ನೊಂದು ಕಡೆ ಒಡ್ತಿ. ದೊಡ್ಡ ಜಮೀನ್ದಾರರು ಅಂತ ಕಲ್ಪಿಸಿಕೊಳ್ಳಬೇಡಿ. ಗಂಡ ಬೇಗ ತೀರಿಕೊಂಡಿದ್ದರು. ಇದ್ದ ಆಸ್ತಿ ಇದೇ ಎರಡೂಕಾಲು ಎಕರೆ, ಸಾಕಬೇಕಾದವನು ಒಬ್ಬ ಮಗ. ಆ 14 ಮುಡಿಯಲ್ಲೇ ಅವರ ವರ್ಷ ಸಾಗಬೇಕು. 1974ರ ನಂತರ ಜಮೀನನ್ನು ಗೇಣಿಗೆ ಕೊಟ್ಟು ಉಳಿಸಿಕೊಳ್ಳುವ ವಿನಾಯಿತಿ ಇದ್ದದ್ದು ಸೈನಿಕರಿಗೆ ಮತ್ತು ನಾವಿಕರಿಗೆ. ವಿಧವೆ ಅನ್ನುವ ಕಾರಣಕ್ಕೆ ವಿನಾಯಿತಿ ಇರಲಿಲ್ಲ. ಸರ್ಕಾರ ಕೊಡುವ ಪರಿಹಾರ ಮಾರುಕಟ್ಟೆ ಬೆಲೆಗೆ ಹತ್ತಿರವೂ ಬರುತ್ತಿರಲಿಲ್ಲ.

ಈಗ ಆ 1977ರ ಆದೇಶಕ್ಕೆ ಬರೋಣ. ಮಾಸಿದ ಟೈಪಿಂಗ್, ಎರಡು ಪುಟ. ಸರ್ವೆ ನಂಬರ್, ವಿಸ್ತೀರ್ಣ, ಹೆಸರುಗಳು. ಓದುತ್ತಾ ಹೋದರೆ ನಿದ್ದೆ ಬರುವ ಭಾಷೆ. ಎರಡನೇ ಪುಟದಲ್ಲಿ ಒಂದು ಸಾಲು ಇದೆ. ಅದರ ತಾತ್ಪರ್ಯ ಇಷ್ಟು: ಭೂಮಾಲಕಿ ಖುದ್ದು ಹಾಜರಿದ್ದು ಅರ್ಜಿದಾರನ ಗೇಣಿಯನ್ನು ಒಪ್ಪಿಕೊಂಡಿದ್ದಾರೆ.

ಒಪ್ಪಿಕೊಂಡಿದ್ದಾರೆ. ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅಜ್ಜ ಹೋರಾಡಿ ಗೆಲ್ಲಲಿಲ್ಲ. ಅಲ್ಲಿ ಹೋರಾಟವೇ ನಡೆಯಲಿಲ್ಲ. ಒಬ್ಬ ಹೆಂಗಸು ಮೇಜಿನ ಎದುರು ನಿಂತು 'ಹೌದು' ಅಂದರು. ಆ ಒಂದು ಮಾತಿನಿಂದ ಅವರ ಜಮೀನು ನಮ್ಮದಾಯಿತು.

"ಹಂಗಾರೆ ಇಷ್ಟ್ ವರ್ಷ ಯಾಕೆ ಹೇಳಲಿಲ್ಲ?" ಅಂತ ಅಮ್ಮಮ್ಮನನ್ನು ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಎಂತ ಹೇಳುದ್? ನಾವ್ ತಪ್ಪ್ ಮಾಡ್ಲಿಲ್ಲ. ಅವ್ರೂ ಮಾಡ್ಲಿಲ್ಲ."

ಅಜ್ಜ ಡಿಕ್ಲರೇಶನ್ ಕೊಟ್ಟ ಮೇಲೆ ಒಡ್ತಿಯ ಮುಖ ನೋಡಿ ಮಾತಾಡಲಿಲ್ಲವಂತೆ. ಆದೇಶ ಆದ ಮರುವರ್ಷ ಆಕೆ ಮಗನ ಜೊತೆ ಬೆಂಗಳೂರಿಗೆ ಹೋದರು. ಅವತ್ತಿನಿಂದ ಪ್ರತಿ ವರ್ಷ ಸುಗ್ಗಿ ಬೆಳೆ ಕೊಯ್ದ ಮೇಲೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ, ಅಜ್ಜ ಕುಂದಾಪುರಕ್ಕೆ ಹೋಗಿ ಒಂದು ಮನಿ ಆರ್ಡರ್ ಮಾಡ್ತಿದ್ದರು. ಮನೆಯಲ್ಲಿ ಯಾರಿಗೂ ಹೇಳದೆ. ಅಮ್ಮಮ್ಮನಿಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದರು.

ಹದಿನೆಂಟು ಚೀಟಿಗಳನ್ನು ಚಾವಡಿಯ ನೆಲದ ಮೇಲೆ ಸಾಲಾಗಿ ಜೋಡಿಸಿದೆ. 1978ರಿಂದ 1995ರವರೆಗೆ, ಒಂದು ವರ್ಷವೂ ತಪ್ಪಿಲ್ಲ. ಯುಪಿಐ ಕಾಲದವರಿಗೆ ಒಂದು ಮಾತು: ಮನಿ ಆರ್ಡರ್ ಅಂದರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ದುಡ್ಡು ಕೊಡೋದು. ತಗೊಂಡವರು ಸಹಿ ಹಾಕಿದ ಚೀಟಿ ಕಳಿಸಿದವರಿಗೆ ವಾಪಸ್ ಬರ್ತಿತ್ತು. ಬೇಡ ಅಂದರೆ ದುಡ್ಡೇ ವಾಪಸ್. ಮೊದಲ ಮೂರು ವರ್ಷ, 1978, 79, 80, ದುಡ್ಡು ತಿರುಗಿ ಬಂದಿದೆ. 'ನಿರಾಕರಿಸಿದ್ದಾರೆ' ಅಂತ ಷರಾ. 1981ರಿಂದ ಸಹಿ ಇದೆ. ಒಂದೊಂದೇ ಅಕ್ಷರ ಬಿಡಿಸಿ ಬರೆದ ಸಹಿ.

ಮೂರು ವರ್ಷ ಬೇಡ ಅಂದವರು ನಾಲ್ಕನೇ ವರ್ಷ ಯಾಕೆ ತಗೊಂಡರು? ಇದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಒಡ್ತಿಯ ಮಗನ ಫೋನ್ ನಂಬರ್ ಸಿಕ್ಕಿದ್ದು ಊರಿನ ಒಂದು ಮದುವೆಗೆ ಅವರನ್ನು ಕರೆದಿದ್ದ ನೆರೆಮನೆಯವರಿಂದ. ಅವರ ವಯಸ್ಸು ಈಗ ಎಪ್ಪತ್ತರ ಹತ್ತಿರ. ಇನ್ನೂ ದಾಸರಹಳ್ಳಿಯಲ್ಲೇ ಇದ್ದಾರೆ. ಒಂದು ಭಾನುವಾರ ಹೊರಟೆ. ಕೋನಪ್ಪನ ಅಗ್ರಹಾರದಲ್ಲಿ ಹಳದಿ ಮಾರ್ಗದ ಮೆಟ್ರೊ ಹತ್ತಿ, ಆರ್.ವಿ. ರೋಡಲ್ಲಿ ಇಳಿದು, ಹಸಿರು ಮಾರ್ಗ ಹಿಡಿದರೆ ನೇರ ದಾಸರಹಳ್ಳಿ. ಊರಿನ ಈ ತುದಿಯಿಂದ ಆ ತುದಿ. ಭೂಮಿ ಸಿಕ್ಕ ಮನೆಯ ಮೊಮ್ಮಕ್ಕಳು ಈ ತುದಿಯಲ್ಲಿ, ಭೂಮಿ ಹೋದ ಮನೆಯವರು ಆ ತುದಿಯಲ್ಲಿ. ಇಬ್ಬರೂ ಬಂದು ಸೇರಿದ್ದು ಒಂದೇ ಬೆಂಗಳೂರಿಗೆ.

ಚಿಕ್ಕ ಮನೆ, ಮೇಲೆ ಎರಡು ಬಾಡಿಗೆ ಕೋಣೆ. ಒಳಗೆ ಕೂರಿಸಿದರು, ಕಾಫಿ ಬಂತು. ಅವರನ್ನು ಏನಂತ ಕರೀಬೇಕು ಅಂತಲೂ ಗೊತ್ತಾಗದೆ 'ಸರ್' ಅಂದೆ. "ಸರ್ ಎಲ್ಲ ಬೇಡ, ಮಾವ ಅನ್ನು. ನಿನ್ನ ಅಮ್ಮ ನಾನು ಒಂದೇ ಶಾಲೆ" ಅಂದರು.

ಅವರು ಪೀಣ್ಯಕ್ಕೆ ಬಂದಾಗ ಇಪ್ಪತ್ತೆರಡು ವರ್ಷ. ಅಲ್ಲಿ ಕೈಗಾರಿಕಾ ಪ್ರದೇಶ ಬೆಳೀತಾ ಇದ್ದ ಕಾಲ, ಶೆಡ್ಡಿನ ಪಕ್ಕ ಶೆಡ್ಡು ಏಳ್ತಾ ಇತ್ತು. ಒಂದು ಸಣ್ಣ ಮಷೀನ್ ಶಾಪಲ್ಲಿ ಹೆಲ್ಪರ್ ಆಗಿ ಸೇರಿ, ಲೇತ್ ಕಲಿತು ಟರ್ನರ್ ಆದರು. ಇಂಥ ಎಷ್ಟೋ ಶಾಪ್‌ಗಳು ಬದುಕ್ತಾ ಇದ್ದದ್ದು ಸಾರ್ವಜನಿಕ ವಲಯದ ದೊಡ್ಡ ಕಾರ್ಖಾನೆಗಳು ಕೊಡುವ ಆರ್ಡರ್ ಮೇಲೆ. 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಆ ಕಾರ್ಖಾನೆಗಳಲ್ಲಿ, ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಇವೆಲ್ಲ ಸೇರಿ, ದೊಡ್ಡ ಮುಷ್ಕರ ಶುರುವಾಯಿತು. 77 ದಿನ ನಡೆಯಿತು. ದೊಡ್ಡ ಕಾರ್ಖಾನೆ ನಿಂತರೆ ಅದನ್ನು ನಂಬಿದ ಸಣ್ಣ ಶೆಡ್ಡಿಗೆ ಕೆಲಸ ಎಲ್ಲಿಂದ? ಇವರನ್ನು ಮನೆಗೆ ಕಳಿಸಿದರು. ಎರಡು ತಿಂಗಳು ಸಂಬಳ ಇಲ್ಲ. ಬಾಡಿಗೆ ಬಾಕಿ.

ಅಷ್ಟು ಹೊತ್ತಿಗೆ ಪೋಸ್ಟ್‌ಮ್ಯಾನ್ ಬಂದ. 1981ರ ಮಾರ್ಚ್. 150 ರೂಪಾಯಿ.

"ಅಮ್ಮ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ್ರು. ನಾನು ತಲೆ ತಗ್ಗಿಸಿದೆ. ಸಹಿ ಹಾಕಿದ್ರು" ಅಂದರು ಅವರು. ಇಷ್ಟನ್ನು ಹೇಳಿ ಲೋಟ ತೆಗೆದುಕೊಂಡು ಒಳಗೆ ಹೋದರು. ಬರಲಿಕ್ಕೆ ಸ್ವಲ್ಪ ಹೊತ್ತಾಯಿತು.

ಬಂದ ಮೇಲೆ ನಾನು ಕೇಳದೆ ಇದ್ದದ್ದನ್ನೂ ಹೇಳಿದರು. ವಿಚಾರಣೆಯ ಹಿಂದಿನ ದಿನ ನೆಂಟರೆಲ್ಲ ಸೇರಿ ಒಡ್ತಿಗೆ ಹೇಳಿಕೊಟ್ಟಿದ್ದರಂತೆ: ಕೂಲಿಯಾಳು ಅನ್ನು, ಸಾಕು. ಇವರೂ ಅದನ್ನೇ ಹೇಳಿದ್ದರು. "ನಾನೇ ಜಾಸ್ತಿ ಹೇಳಿದ್ದು. ನಮ್ಮ ಹೊಟ್ಟೆಗೆ ಕಲ್ಲು ಹಾಕ್ಕೊಳ್ಳೋದಾ ಅಂತ ಕೂಗಾಡಿದ್ದೆ." ಬೆಳಿಗ್ಗೆ ಕುಂದಾಪುರದ ಬಸ್ಸು ಹತ್ತುವಾಗ ಅಮ್ಮ ಅವರಿಗೆ ಹೇಳಿದ ಮಾತು ಇದು: "ಹದ್ನೈದ್ ವರ್ಷ ಅವ ತಂದ್ ಅಕ್ಕಿ ಉಂಡ್ಕಂಡ್, ಅವ ಒಕ್ಕಲೇ ಅಲ್ಲ ಅಂಬುದ್ ಹ್ಯಾಂಗೆ?"

ಒಡ್ತಿ 1996ರಲ್ಲಿ ತೀರಿಕೊಂಡರು. ಮನಿ ಆರ್ಡರ್ ನಿಂತದ್ದು ಅದಕ್ಕೆ.

ಕೇಳುಗರೇ, ಇದನ್ನೆಲ್ಲ ಕೇಳಿ 'ಅಯ್ಯೋ, ಆ ಕಾನೂನು ತಪ್ಪು' ಅಂತ ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸೋದಿಲ್ಲ. ಮುಡಿ ಹೊರಗೆ ಹೋಗುವುದನ್ನು ನೋಡುತ್ತಾ ನಿಂತ ಆ ಮಕ್ಕಳಿಗೆ ಆ ಕಾನೂನು ಊಟ ಕೊಟ್ಟಿತು. ಮಂಡಳಿ ಕೊಟ್ಟ ಜಮೀನನ್ನು ಹದಿನೈದು ವರ್ಷ ಮಾರುವಂತಿರಲಿಲ್ಲ, ಆದ್ರೆ ಬ್ಯಾಂಕಿಗೆ ಅಡವಿಟ್ಟು ಸಾಲ ತಗೋಬಹುದಿತ್ತು. ಅಜ್ಜ ತಗೊಂಡರು. ಅಮ್ಮ ಕಾಲೇಜಿಗೆ ಹೋದದ್ದು ಆ ದುಡ್ಡಲ್ಲಿ. ಅಮ್ಮ ಓದಿದ್ದಕ್ಕೆ ನಾನು ಓದಿದೆ. ನನ್ನ ಲ್ಯಾಪ್‌ಟಾಪ್, ನನ್ನ ಸಂಬಳ, ಈ ಮೈಕ್, ಎಲ್ಲದರ ಬೇರು ಆ ಎರಡೂಕಾಲು ಎಕರೆಯಲ್ಲಿದೆ. ಕಾನೂನು ನ್ಯಾಯವಾಗಿಯೇ ಇತ್ತು. ಆದ್ರೆ ಆ ನ್ಯಾಯಕ್ಕೆ ಬೆಲೆ ತೆತ್ತವರಲ್ಲಿ ದೊಡ್ಡ ಜಮೀನ್ದಾರರಷ್ಟೇ ಇರಲಿಲ್ಲ, 14 ಮುಡಿ ಅಕ್ಕಿಯಲ್ಲಿ ಬದುಕ್ತಾ ಇದ್ದ ಒಬ್ಬ ವಿಧವೆಯೂ ಇದ್ದರು. ಅಜ್ಜನಿಗೆ ಇವೆರಡೂ ಗೊತ್ತಿತ್ತು. ಹಕ್ಕನ್ನು ಬಿಟ್ಟುಕೊಡಲಿಲ್ಲ, ಋಣವನ್ನೂ ಮರೆಯಲಿಲ್ಲ. ಮುಂದಿನವರಾದ ನಾವು ಹಕ್ಕಿನ ಕಥೆಯನ್ನಷ್ಟೇ ಇಟ್ಟುಕೊಂಡೆವು. 'ಹೋರಾಡಿ ಗೆದ್ದ' ಅನ್ನುವುದು ಹೇಳಲಿಕ್ಕೆ ಸುಲಭ. 'ಅವರು ಸತ್ಯ ಹೇಳಿದ್ದಕ್ಕೆ ನಮಗೆ ಸಿಕ್ಕಿತು' ಅನ್ನುವುದು ಕಷ್ಟ.

ವಿಚಿತ್ರ ಏನಂದ್ರೆ, ನಮ್ಮ ಮನೆಯ ಈ ಗುಟ್ಟು ಗುಟ್ಟೇ ಆಗಿರಲಿಲ್ಲ. ಸರ್ಕಾರಿ ಕಡತದಲ್ಲಿ ಸಹಿ, ಮೊಹರಿನ ಸಮೇತ ಇತ್ತು. ನಿಮ್ಮ ಮನೆಯದ್ದೂ ಇರಬಹುದು. ನಿಮ್ಮ ಊರಿನ ಪಹಣಿಯನ್ನು ಭೂಮಿ ವೆಬ್‌ಸೈಟಿನಲ್ಲಿ ಫೋನಲ್ಲೇ ನೋಡಬಹುದು. ಸರ್ವೆ ನಂಬರ್ ಹಾಕಿ, ಮ್ಯುಟೇಶನ್ ನೋಡಿ. ಭೂ ನ್ಯಾಯ ಮಂಡಳಿಯ ಆದೇಶ ಅಂತ ಕಂಡರೆ ತಾಲೂಕು ಕಚೇರಿಯಲ್ಲಿ ಅದರ ನಕಲಿಗೆ ಅರ್ಜಿ ಹಾಕಿ. ಬಂದ ಮೇಲೆ ಎರಡನೇ ಪುಟವನ್ನೂ ಓದಿ.

ನಾವು ಕೆಲಸ ಮಾಡುವ ನೆಲಕ್ಕೂ ಇಂಥ ಎರಡನೇ ಪುಟ ಇದೆ. ಎಲೆಕ್ಟ್ರಾನಿಕ್ ಸಿಟಿ ಶುರುವಾದದ್ದು 1970ರ ದಶಕದ ಕೊನೆಯಲ್ಲಿ. ಆರ್.ಕೆ. ಬಾಳಿಗಾ ಅವರ ಕನಸು, ಕಿಯೋನಿಕ್ಸ್ ಸಂಸ್ಥೆಯ ಕೆಲಸ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆ. ಅಗ್ರಹಾರ ಅನ್ನುವ ಪದವನ್ನೇ ನೋಡಿ. ಹಿಂದೆ ಯಾರಿಗೋ ದಾನ ಕೊಟ್ಟ ಊರುಗಳಿಗೆ ಆ ಹೆಸರು. ದಿನಾ ಮೆಟ್ರೊದಲ್ಲಿ ಆ ಹೆಸರು ಕೇಳ್ತೇವೆ, ನಾನು ಒಡ್ತಿ ಬಾವಿ ಅಂತಿದ್ದ ಹಾಗೆ.

ಕೊನೆಗೆ ಆ ಮಾರಾಟದ ವಿಷಯ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಹಾಗಾಗಿ ಬೆಂಗಳೂರಿನ ಪಾರ್ಟಿಗೆ ಅಡ್ಡಿ ಇಲ್ಲ. ಅವರ ನಕ್ಷೆಯಲ್ಲಿ ಬಾವಿ ಇರುವ ಜಾಗ ಪಾರ್ಕಿಂಗ್.

ದಾಸರಹಳ್ಳಿಯಿಂದ ಹೊರಡುವಾಗ ನಾನು ಮಾರಾಟದ ವಿಷಯ ಹೇಳಿಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಗೇಟಿನವರೆಗೆ ಬಂದು ಒಂದೇ ಒಂದು ಕೇಳಿದರು. "ಬಾವಿ ನೀರು ಈಗಲೂ ಸಿಹಿಯೇ ಇದ್ಯಾ?"

ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಮೇಲೆ ಹೋದವರು ಬಿಸ್ಲೇರಿ ಕುಡಿದು ಬಂದಿದ್ದೆ.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಬಾವಿ ಮತ್ತು ಅದರ ಸುತ್ತ ಹತ್ತು ಸೆಂಟ್ಸ್ ಬಿಟ್ಟು ಉಳಿದದ್ದಕ್ಕಾದರೆ ಮಾತ್ರ ಸಹಿ ಹಾಕ್ತೇನೆ ಅಂತ ಅಮ್ಮ ಮಾವನಿಗೆ ಫೋನ್ ಮಾಡಿದ್ದಾಳೆ. ಮಾವ ಇನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ತಿಂಗಳು ನಾನು ಮತ್ತೆ ಊರಿಗೆ ಹೋಗ್ತಿದ್ದೇನೆ. ಈ ಸಲ ಒಬ್ಬನೇ ಅಲ್ಲ, ದಾಸರಹಳ್ಳಿಯ ಮಾವನೂ ಬರ್ತೇನೆ ಅಂದಿದ್ದಾರೆ. ನೀರು ಸೇದಿ ನೋಡಬೇಕು.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಟ್ರಂಕ್ ಇರಬಹುದು. ಕೇಳಬೇಕಾದವರು ಚಾವಡಿಯಲ್ಲಿ ಕೂತಿರುವಾಗಲೇ ಕೇಳಿ.